ಬಿಎ ಪದವಿ: ಓದಿ, ಕೆಲಸದಲ್ಲಿ ಬಳಸಿ ಬರೆದ ವಿಮರ್ಶೆ

ನಾನು ಓದಿದ್ದು ಬಿಎ. ಅರ್ಥಶಾಸ್ತ್ರ, ಸಮಾಜಶಾಸ್ತ್ರ, ರಾಜ್ಯಶಾಸ್ತ್ರ. ಜೊತೆಗೆ ಭಾಷೆ ಅಂತ ಕನ್ನಡ ಮತ್ತು ಇಂಗ್ಲಿಷ್. ಧಾರವಾಡ ಸೀಮೆಯ ಒಂದು ತಾಲೂಕು ಊರಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಓದಿದೆ. ಈಗ ಪಿಡಿಒ ಆಗಿದ್ದೇನೆ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ. ಈ ಪದವಿಯನ್ನು ಕೆಲಸದಲ್ಲಿ ದಿನಾ ಬಳಸುತ್ತಿದ್ದೇನೆ. ಹಾಗಾಗಿ ವಿಮರ್ಶೆ ಬರೆಯುವಷ್ಟು ಅನುಭವ ಇದೆ ಅಂದುಕೊಂಡಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ಕೆಲಸ ಸಿಗುವ ತನಕ ಬಿಎಯಿಂದ ನನಗೆ ಆದ ಲಾಭ ಕಮ್ಮಿ. ಸಿಕ್ಕಿದ ಮೇಲೆ ಆದ ಲಾಭ ಬಹಳ ಜಾಸ್ತಿ. ಪಿಯುಸಿ ರಿಸಲ್ಟ್ ಬಂದ ಮೇಲೆ ಪಂಚಾಯಿತಿಗೆ ಬರುವ ತಂದೆತಾಯಿ ಕೇಳುವುದು ಮೊದಲನೆಯದನ್ನು ಮಾತ್ರ: "ಬಿಎ ಮಾಡಿದ್ರ ಏನ್ ಸಿಗತೈತ್ರೀ ಮೇಡಂ?" ಕೇಳುವುದು ತಪ್ಪಲ್ಲ. ಆದರೆ ಅರ್ಧ ಮಾತ್ರ ಕೇಳಿದ ಹಾಗಾಯಿತು. ಉಳಿದರ್ಧ ಹೇಳೋಣ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಖರ್ಚಿನ ಮಾತು ಬೇಗ ಮುಗಿಸುತ್ತೇನೆ. ಸರ್ಕಾರಿ ಕಾಲೇಜಿನಲ್ಲಿ ಫೀ ಯಾರಿಗೂ ಭಾರ ಅನಿಸುವಂಥದ್ದಲ್ಲ. ನಿಜವಾದ ಖರ್ಚು ಮೂರು ವರ್ಷ. ಆ ಮೂರು ವರ್ಷದ ಲೆಕ್ಕವೂ ನಡುವೆ ಬದಲಾಗಿತ್ತು. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ ನಾಲ್ಕು ವರ್ಷದ ಪದವಿ ಬಂತು. ಆಮೇಲೆ ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ ಮಧ್ಯಂತರ ವರದಿ ಕೊಟ್ಟಿತು. 2024-25ರಿಂದ ಮತ್ತೆ ಮೂರು ವರ್ಷಕ್ಕೆ ಬಂದೆವು. ನಡುವೆ ಸೇರಿದ ಮಕ್ಕಳು ಯಾವ ಸಿಲೆಬಸ್, ಯಾವ ಪುಸ್ತಕ ಅಂತ ತಿಳಿಯದೆ ಪಟ್ಟ ಪಾಡನ್ನು ನಮ್ಮ ಊರಿನಲ್ಲೇ ನೋಡಿದ್ದೇನೆ. ಈಗ ಸೇರುವವರು ಮೂರು ವರ್ಷ ಅಂತಲೇ ಲೆಕ್ಕ ಹಾಕಿಕೊಳ್ಳಬಹುದು.

ಪಾಠದ ಗುಣಮಟ್ಟದ ಬಗ್ಗೆ ಮುಚ್ಚುಮರೆ ಇಲ್ಲದೆ ಹೇಳಬೇಕು. ನಮಗೆ ಅರ್ಧಕ್ಕರ್ಧ ಕ್ಲಾಸು ನಡೆದದ್ದು ನೋಟ್ಸ್ ಬರೆಸುವುದರಲ್ಲೇ. ಮೇಷ್ಟ್ರು ಹೇಳುವುದು, ನಾವು ಬರೆದುಕೊಳ್ಳುವುದು, ಪರೀಕ್ಷೆಯಲ್ಲಿ ಅದನ್ನೇ ತಿರುಗಿ ಬರೆಯುವುದು. ಅದನ್ನೂ ಬರೆದುಕೊಳ್ಳದವರಿಗೆ ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲಿ ಗೈಡ್ ಸಿಗುತ್ತಿತ್ತು. ಲೈಬ್ರರಿಯಲ್ಲಿ ಪುಸ್ತಕ ಇತ್ತು, ಬೀರುವಿಗೆ ಬೀಗವೂ ಇತ್ತು. ಪಾಠ ಮಾಡುವವರಲ್ಲಿ ಬಹಳ ಜನ ಅತಿಥಿ ಉಪನ್ಯಾಸಕರು. ಚೆನ್ನಾಗಿ ಓದಿಕೊಂಡವರು, ಆದರೆ ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ಅನ್ನುವ ಚಿಂತೆಯಲ್ಲೇ ಪಾಠ ಮಾಡುತ್ತಿದ್ದರು. ಸಂಬಳ ತಿಂಗಳುಗಟ್ಟಲೆ ಬಾರದೆ ಅವರು ಧರಣಿ ಕೂತರೆ ನಮ್ಮ ಪೋರ್ಷನ್ ಅಷ್ಟಕ್ಕೇ ನಿಲ್ಲುತ್ತಿತ್ತು. ಇದು ಬಿಎಯ ದೋಷ ಅಲ್ಲ, ಬಿಎಯನ್ನು ನಡೆಸುವ ರೀತಿಯ ದೋಷ. ಆದರೆ ಅನುಭವಿಸುವುದು ವಿದ್ಯಾರ್ಥಿ ತಾನೇ? ವಿಜ್ಞಾನದವರ ಲ್ಯಾಬಿಗೆ ಸಾಮಾನು ಬಾರದಿದ್ದರೆ ಗಲಾಟೆ ಆಗುತ್ತದೆ. ನಮ್ಮ ಲ್ಯಾಬು ಅಂದರೆ ಲೈಬ್ರರಿ. ಅದಕ್ಕೆ ಬೀಗ ಹಾಕಿದರೆ ಯಾರೂ ಕೇಳುವುದಿಲ್ಲ. ಇದು ನನಗೆ ಇವತ್ತಿಗೂ ಸಿಟ್ಟು ಬರಿಸುವ ವಿಷಯ.

ಇಷ್ಟರ ನಡುವೆಯೂ ಎರಡು ವಿಷಯ ನನಗೆ ಸರಿಯಾಗಿ ಸಿಕ್ಕಿದವು. ಇವತ್ತು ನಾನು ಕೆಲಸ ಮಾಡುತ್ತಿರುವುದೇ ಅವುಗಳ ಮೇಲೆ.

ಒಂದು, ಸಮೀಕ್ಷೆ. ಕೊನೆಯ ವರ್ಷ ಸಮಾಜಶಾಸ್ತ್ರದ ಮೇಡಂ ನಮ್ಮನ್ನು ಪಕ್ಕದ ಹಳ್ಳಿಗೆ ಮನೆಮನೆ ಸಮೀಕ್ಷೆಗೆ ಕಳಿಸಿದರು. ಮೊದಲು ಪ್ರಶ್ನಾವಳಿ ಬರೆದುಕೊಂಡು ಬನ್ನಿ ಅಂದರು. ನಾವು ಬರೆದದ್ದೆಲ್ಲ "ನಿಮಗೆ ಶೌಚಾಲಯದ ಮಹತ್ವ ಗೊತ್ತಿದೆಯೇ?" ಅನ್ನುವ ಥರದ್ದು. ಅವರು ಒಂದೊಂದನ್ನೂ ಹೊಡೆದು ಹಾಕಿದರು. "ಇದಕ್ಕೆ ಎಲ್ಲರೂ ಹೌದು ಅಂತಾರೆ. ಹೌದು ಅಂತ ಬರೆದುಕೊಂಡು ಬಂದು ಏನು ಮಾಡ್ತೀರಿ? ಬೆಳಗ್ಗೆ ಎಷ್ಟು ಗಂಟೆಗೆ ಏಳ್ತೀರಿ ಅಂತ ಕೇಳಿ. ನೀರು ಎಲ್ಲಿಂದ ತರ್ತೀರಿ, ಯಾರು ತರ್ತಾರೆ ಅಂತ ಕೇಳಿ." ಆಮೇಲೆ ಇನ್ನೊಂದು ಮಾತು ಹೇಳಿದರು: ಮನೆಯ ಯಜಮಾನನನ್ನು ಮಾತ್ರ ಕೇಳಿ ವಾಪಸ್ ಬರಬೇಡಿ, ಒಲೆ ಮುಂದೆ ಕೂತವರನ್ನೂ ಕೇಳಿ. ಆಗ ಇದು ಮಾರ್ಕ್ಸಿಗಾಗಿ ಮಾಡುವ ಕೆಲಸ ಅನಿಸಿತ್ತು.

ಈಗ ನಾನಿರುವ ಪಂಚಾಯಿತಿಗೆ ಬಂದಾಗ ಮೊದಲು ತೆಗೆದು ನೋಡಿದ್ದು ಡಿಸಿಬಿ. ಯಾರಿಂದ ಎಷ್ಟು ಕರ ಬರಬೇಕು, ಎಷ್ಟು ಬಂದಿದೆ, ಎಷ್ಟು ಬಾಕಿ ಅಂತ ಬರೆಯುವ ಲೆಕ್ಕ ಅದು. ಊರಿನ ಬಾಕಿ ಎಲ್ಲ ಕಡೆ ಇತ್ತು. ಆದರೆ ಒಂದು ಓಣಿಯಲ್ಲಿ ಮಾತ್ರ ಮನೆಪಟ್ಟಿ ಕಟ್ಟಿದ್ದರು, ನೀರಿನ ಪಟ್ಟಿ ಮಾತ್ರ ವರ್ಷಗಟ್ಟಲೆ ಬಾಕಿ. ಬಿಲ್ ಕಲೆಕ್ಟರ್ ಕೇಳಿದ ಕೂಡಲೇ ಹೇಳಿಬಿಟ್ಟ: "ಆ ಓಣಿ ಮಂದಿ ಕೊಡೂದಿಲ್ರೀ ಮೇಡಂ. ಮೊದಲಿಂದ್ಲೂ ಹಂಗ." ಸದಸ್ಯರು ಕೂಡ ಅದನ್ನೇ ಹೇಳಿದರು. ನೋಟಿಸ್ ಕೊಡಿ, ನಳ ಕಟ್ ಮಾಡಿ ಅಂದರು.

ಮನೆಪಟ್ಟಿ ಕಟ್ಟುವವರು ನೀರಿನ ಪಟ್ಟಿ ಯಾಕೆ ಕಟ್ಟುವುದಿಲ್ಲ? ದುಡ್ಡಿಲ್ಲ ಅಂದಿದ್ದರೆ ಎರಡೂ ಕಟ್ಟುತ್ತಿರಲಿಲ್ಲ. ನಸುಕಿನಲ್ಲಿ ನೀರು ಬಿಡುವ ಹೊತ್ತಿಗೆ ಆ ಓಣಿಗೆ ಹೋದೆ. ಓಣಿ ಇರುವುದು ಪೈಪ್‌ಲೈನಿನ ಕೊನೆಗೆ, ಅದೂ ಸ್ವಲ್ಪ ಏರಿನ ಮೇಲೆ. ಒಬ್ಬರು ಅಜ್ಜಿ ನಳದ ಕೆಳಗೆ ಕೊಡ ಇಟ್ಟುಕೊಂಡು ಕೂತಿದ್ದರು. ನಳ ಸುಂಯ್ ಅನ್ನುತ್ತಿತ್ತು, ನೀರು ಬರುತ್ತಿರಲಿಲ್ಲ. ಅವರು ಹೇಳಿದ್ದು: "ಕೆಳಗಿನ ಮನಿಯವ್ರು ನಳಕ್ಕ ಮೋಟರ್ ಹಚ್ಚತಾರ. ನಮಗ ಬರೂದು ಬರೇ ಗಾಳಿ. ಗಾಳಿಗೆ ಬಿಲ್ ಕಟ್ಟೂಣೇನ್ ತಂಗಿ?"

ಆ ಓಣಿಗೆ ಬೇರೆ ವಾಲ್ವ್ ಕೂಡಿಸಿ ಬೇರೆ ಹೊತ್ತಿನಲ್ಲಿ ನೀರು ಬಿಡುವ ವ್ಯವಸ್ಥೆ ಮಾಡಿದೆವು. ನಳಕ್ಕೆ ಮೋಟರ್ ಹಚ್ಚಿದವರ ಮೇಲೆ ದಂಡದ ಠರಾವು ಆಯಿತು. ಮುಂದಿನ ವರ್ಷದ ಡಿಸಿಬಿಯಲ್ಲಿ ಆ ಓಣಿಯ ಬಾಕಿ ಅರ್ಧಕ್ಕಿಂತ ಕೆಳಗೆ ಇಳಿಯಿತು. ಇದರಲ್ಲಿ ದೊಡ್ಡ ಜಾಣತನ ಏನಿಲ್ಲ. ಜನರನ್ನು ಬೈಯುವ ಮುಂಚೆ ಕೇಳಬೇಕು, ಕೇಳುವುದು ಹೇಗೆ ಅಂತ ಗೊತ್ತಿರಬೇಕು. ನನಗೆ ಅದನ್ನು ಕಲಿಸಿದ್ದು ಆ ಸಮೀಕ್ಷೆ. ಯಾವ ಇಲಾಖಾ ತರಬೇತಿಯಲ್ಲೂ ಅಷ್ಟು ಚೆನ್ನಾಗಿ ಅದನ್ನು ಯಾರೂ ಹೇಳಿಕೊಟ್ಟಿಲ್ಲ.

ಎರಡನೆಯದು ಕನ್ನಡ ಕ್ಲಾಸಿನ ಸಂಕ್ಷೇಪ ಲೇಖನ. ಒಂದು ಪುಟದ ಲೇಖನ ಕೊಟ್ಟು ಮೂರನೇ ಒಂದು ಭಾಗಕ್ಕೆ ಇಳಿಸಿ ಅನ್ನುತ್ತಿದ್ದರು. ನಮ್ಮ ಕನ್ನಡ ಮೇಷ್ಟ್ರು ಇದರಲ್ಲಿ ಬಹಳ ಕಟ್ಟುನಿಟ್ಟು. ಮೂಲದ ವಾಕ್ಯವನ್ನೇ ಎತ್ತಿ ಬರೆದರೆ ಮಾರ್ಕ್ಸ್ ಇಲ್ಲ. ಮೂಲದಲ್ಲಿ ಇಲ್ಲದ್ದನ್ನು ಸೇರಿಸಿದರೆ ಇದ್ದ ಮಾರ್ಕ್ಸೂ ಹೋಗುತ್ತಿತ್ತು.

ಗ್ರಾಮ ಸಭೆಯ ನಡಾವಳಿ ಬರೆಯುವುದು ಇದೇ ಕೆಲಸ. ಸಭೆಯಲ್ಲಿ ಎರಡು ತಾಸು ಕೂಗಾಟ. ಹಳೇ ಜಗಳ, ಚುನಾವಣೆಯ ಸಿಟ್ಟು, ಚರಂಡಿ, ಬೀದಿ ದೀಪ, ಮನೆ ಹಂಚಿಕೆ ಎಲ್ಲ ಒಂದರ ಮೇಲೊಂದು ಬರುತ್ತವೆ. ಬಹಳ ಕಡೆ ಪುಸ್ತಕದಲ್ಲಿ "ಸದರಿ ವಿಷಯವನ್ನು ಚರ್ಚಿಸಿ ತೀರ್ಮಾನಿಸಲಾಯಿತು" ಅಂತ ಬರೆದು ಮುಗಿಸುತ್ತಾರೆ. ಏನು ಚರ್ಚೆ ಆಯಿತು, ಏನು ತೀರ್ಮಾನ ಆಯಿತು ಅಂತ ಅದನ್ನು ಓದಿದವರಿಗೆ ತಿಳಿಯುವುದಿಲ್ಲ. ಆಡಿಟ್‌ನವರು ಬಂದಾಗ ಆಕ್ಷೇಪಣೆ ಬರೆಯುತ್ತಾರೆ. ಅದಕ್ಕಿಂತ ಕೆಟ್ಟದ್ದೆಂದರೆ, ಸಭೆಯಲ್ಲಿ ಎದ್ದು ನಿಂತು ಕೇಳಿದ ಹೆಣ್ಣುಮಗಳ ಬೇಡಿಕೆ ಎಲ್ಲೂ ದಾಖಲೆ ಆಗದೆ ಹೋಗುತ್ತದೆ. ನಾನು ಬರೆಯುವುದು ಹೀಗೆ: ಯಾವ ವಾರ್ಡು, ಯಾರ ಮನೆಯಿಂದ ಯಾರ ಮನೆಯ ತನಕ, ಎಷ್ಟು ಮೀಟರ್ ಚರಂಡಿ, ಯಾವ ಅನುದಾನ, ಯಾರು ವಿರೋಧ ಮಾಡಿದರು, ಯಾಕೆ. ಒಂದು ವಿಷಯಕ್ಕೆ ನಾಲ್ಕೈದು ಸಾಲು. ಆ ನಾಲ್ಕು ಸಾಲಿನ ಬಲದ ಮೇಲೆ ಕೆಲಸ ಬಿಡದೆ ಮಾಡಿಸಿಕೊಂಡ ಜನರಿದ್ದಾರೆ. ತಾಲೂಕು ಪಂಚಾಯಿತಿಗೆ ಹೋಗುವ ಪತ್ರಕ್ಕೂ ಇದೇ ಮಾತು. ಮೇಲಿನ ಅಧಿಕಾರಿ ಮೊದಲ ಪ್ಯಾರಾದಲ್ಲೇ ವಿಷಯ ತಿಳಿದುಕೊಂಡರೆ ಫೈಲ್ ಮುಂದೆ ಹೋಗುತ್ತದೆ.

ರಾಜ್ಯಶಾಸ್ತ್ರ ನೇರವಾಗಿಯೇ ಕೆಲಸಕ್ಕೆ ಬಂತು. ಪಂಚಾಯಿತಿಗಳಿಗೆ ಸಂವಿಧಾನದ ಮಾನ್ಯತೆ ಕೊಟ್ಟ 73ನೇ ತಿದ್ದುಪಡಿ ಆದದ್ದು 1992ರಲ್ಲಿ, ಜಾರಿಗೆ ಬಂದದ್ದು 1993ರ ಏಪ್ರಿಲ್ 24ಕ್ಕೆ, ಹನ್ನೊಂದನೇ ಅನುಸೂಚಿಯಲ್ಲಿ ಪಂಚಾಯಿತಿಗೆ ವಹಿಸಬಹುದಾದ 29 ವಿಷಯ. ಇಷ್ಟನ್ನು ಗೈಡ್ ಓದಿದವರೂ ಹೇಳುತ್ತಾರೆ. ಆದರೆ ಕರ್ನಾಟಕ ಅದಕ್ಕೂ ಮುಂಚೆ 1983ರ ಪಂಚಾಯಿತಿ ಕಾಯ್ದೆ ಮಾಡಿತ್ತು, 1987ರಲ್ಲಿ ಜಿಲ್ಲಾ ಪರಿಷತ್ ಮತ್ತು ಮಂಡಲ ಪಂಚಾಯಿತಿಗೆ ಚುನಾವಣೆ ಮಾಡಿ ಹೆಣ್ಣುಮಕ್ಕಳಿಗೆ 25 ಪರ್ಸೆಂಟ್ ಮೀಸಲಾತಿ ಕೊಟ್ಟಿತ್ತು ಅನ್ನುವುದನ್ನು ನಮ್ಮ ಮೇಷ್ಟ್ರು ಕತೆಯ ಹಾಗೆ ಹೇಳಿದರು. ಅದರ ಹಿಂದೆ ಇದ್ದ ಮಂತ್ರಿ ಅಬ್ದುಲ್ ನಜೀರ್ ಸಾಬ್. ಹಳ್ಳಿಹಳ್ಳಿಗೆ ಬೋರ್‌ವೆಲ್ ಹಾಕಿಸಿ ಜನರ ಬಾಯಲ್ಲಿ ನೀರ್ ಸಾಬ್ ಆದವರು. ಮೈಸೂರಿನ ಗ್ರಾಮೀಣಾಭಿವೃದ್ಧಿ ತರಬೇತಿ ಸಂಸ್ಥೆಗೆ ಅವರದೇ ಹೆಸರಿದೆ. ಈಗ ಪಂಚಾಯಿತಿಯಲ್ಲಿ ಹೆಣ್ಣುಮಕ್ಕಳ ಮೀಸಲಾತಿ 50 ಪರ್ಸೆಂಟ್. ಎಷ್ಟೋ ಕಡೆ ಅಧ್ಯಕ್ಷೆಯ ಬದಲು ಅವರ ಯಜಮಾನರೇ ಬಂದು ಕುರ್ಚಿ ಮೇಲೆ ಕೂರುತ್ತಾರೆ. ಅಲ್ಲಿ "ಸರ್, ಅಧ್ಯಕ್ಷರು ಬರಲಿ" ಅಂತ ಹೇಳಲು ಧೈರ್ಯ ಬೇಕು. ಈ ಹಕ್ಕು ಎಷ್ಟು ವರ್ಷದ ಜಗಳದಿಂದ ಬಂತು ಅಂತ ಗೊತ್ತಿದ್ದರೆ ಆ ಧೈರ್ಯ ಬರುತ್ತದೆ. ನನಗಂತೂ ಬಂತು.

ಸಮಾಜಶಾಸ್ತ್ರದಲ್ಲಿ ಎಂ.ಎನ್. ಶ್ರೀನಿವಾಸ್ ಅವರ ಪ್ರಬಲ ಜಾತಿ ಅನ್ನುವ ವಿಚಾರ ಓದಿದ್ದೆ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿ, ಮೈಸೂರು ಹತ್ತಿರದ ಹಳ್ಳಿಯೊಂದರಲ್ಲಿ ಇದ್ದು ಬರೆದವರು ಅವರು. ಭೂಮಿ ಯಾರ ಕೈಲಿದೆ, ಸಂಖ್ಯೆ ಯಾರದ್ದು ಜಾಸ್ತಿ ಅಂತ ನೋಡಿದರೆ ಊರಿನಲ್ಲಿ ಮಾತು ಯಾರದ್ದು ನಡೆಯುತ್ತದೆ ಅಂತ ತಿಳಿಯುತ್ತದೆ. ಹೊಸ ಪಂಚಾಯಿತಿಗೆ ವರ್ಗವಾಗಿ ಹೋದಾಗ ಬೋರ್‌ವೆಲ್ ಎಲ್ಲಿ ಬಿದ್ದಿದೆ, ಸಿಸಿ ರಸ್ತೆ ಎಲ್ಲಿಗೆ ನಿಂತಿದೆ ಅಂತ ಒಂದು ಸುತ್ತು ಹಾಕಿ ನೋಡಿ. ಓದಿದ್ದೆಲ್ಲ ಕಣ್ಣ ಮುಂದೆ ಕಾಣುತ್ತದೆ.

ಅರ್ಥಶಾಸ್ತ್ರದ ಉಪಯೋಗ ಇಷ್ಟೇ: 15ನೇ ಹಣಕಾಸು ಆಯೋಗದ ಅನುದಾನದಲ್ಲಿ (2021-26) 60 ಪರ್ಸೆಂಟ್ ಟೈಡ್ ಇತ್ತು, ಅಂದರೆ ನೀರು ಮತ್ತು ನೈರ್ಮಲ್ಯಕ್ಕೆ ಮಾತ್ರ, 40 ಪರ್ಸೆಂಟ್ ಅನ್‌ಟೈಡ್. ಹಾಗೆ ಯಾಕೆ ಕಟ್ಟಿಹಾಕುತ್ತಾರೆ, ಅದರಿಂದ ಒಳ್ಳೆಯದೇನು, ಕೆಟ್ಟದ್ದೇನು ಅಂತ ಸದಸ್ಯರಿಗೆ ತಿಳಿಸಿ ಹೇಳಲು ಬರುತ್ತದೆ. ಸಿದ್ಧಾಂತದ ಬಾಕಿ ಭಾಗ ಮರೆತುಹೋಗಿದೆ.

ಈಗ ಕಷ್ಟದ ಭಾಗ. ಬಿಎ ಮುಗಿದ ದಿನ ನನ್ನ ಕೈಲಿ ಮಾರ್ಕ್ಸ್ ಕಾರ್ಡ್ ಬಿಟ್ಟರೆ ಏನೂ ಇರಲಿಲ್ಲ. ನಮ್ಮ ಕಾಲೇಜಿಗೆ ಕ್ಯಾಂಪಸ್ ಸಂದರ್ಶನಕ್ಕೆ ಯಾರೂ ಬಂದವರಲ್ಲ. ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಪರೀಕ್ಷೆಗೆ ಓದಿದೆ. ಆ ಬೀದಿಗಳನ್ನು ನೋಡಿದವರಿಗೆ ಹೇಳಬೇಕಾಗಿಲ್ಲ. ಎಲ್ಲಿ ನೋಡಿದರೂ ಕೋಚಿಂಗ್ ಬೋರ್ಡು, ರೀಡಿಂಗ್ ರೂಮು, ಮೆಸ್ಸು. ಬೆಳಗ್ಗೆ ಜಾಗ ಹಿಡಿಯಲು ಚೀಲ ಇಟ್ಟು ಹೋದ ಹುಡುಗರು. ಎಫ್‌ಡಿಎ, ಎಸ್‌ಡಿಎ, ಪಿಎಸ್‌ಐ, ಪಿಡಿಒ, ಕೆಎಎಸ್ ಅಂತ ಎಲ್ಲದಕ್ಕೂ ಅರ್ಜಿ. 2024ರಲ್ಲಿ ಕೆಪಿಎಸ್‌ಸಿ ಕರೆದದ್ದು 247 ಪಿಡಿಒ ಹುದ್ದೆ. ಯಾವ ಪದವಿ ಆದರೂ ನಡೆಯುತ್ತದೆ. ಬಿಇ ಓದಿದವರೂ ಅದೇ ಪರೀಕ್ಷೆಗೆ ಕೂರುತ್ತಾರೆ. ನನಗೆ ಸಿಕ್ಕಿತು ಅಂತ ಎಲ್ಲರಿಗೂ ಸಿಗುತ್ತದೆ ಅಂತ ಹೇಳಿದರೆ ಅದು ಮೋಸ. ನಮ್ಮ ಬ್ಯಾಚಿನಲ್ಲಿ ಬ್ಯಾಂಕಿಗೆ ಹೋದವರಿದ್ದಾರೆ, ಬಿಎಡ್ ಮಾಡಿ ಹೈಸ್ಕೂಲಿಗೆ ಸಮಾಜ ವಿಜ್ಞಾನ ಪಾಠ ಮಾಡುವವರಿದ್ದಾರೆ, ಪತ್ರಿಕೆಯಲ್ಲಿ ಉಪಸಂಪಾದಕ ಆದವರಿದ್ದಾರೆ. ಓದಿಗೂ ಕೆಲಸಕ್ಕೂ ಸಂಬಂಧವೇ ಇಲ್ಲದೆ ಫೈನಾನ್ಸ್ ಕಂಪನಿಯ ವಸೂಲಿಗೆ ಸುತ್ತುವವರೂ ಇದ್ದಾರೆ. ಯುವನಿಧಿ ಬಂದ ಮೇಲೆ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3000 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ರೂಮ್ ಬಾಡಿಗೆಗೆ ಅದು ಆಸರೆ ಆಗುತ್ತದೆ, ಅಷ್ಟೇ.

ಇಲ್ಲಿ ಒಂದು ವಿಷಯ ಗಮನಿಸಿ. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯ 1750 ಅಂಕದಲ್ಲಿ ಐಚ್ಛಿಕ ವಿಷಯಕ್ಕೇ 500, ಪ್ರಬಂಧಕ್ಕೆ 250. ಎಂಜಿನಿಯರಿಂಗ್ ಓದಿದ ಎಷ್ಟೋ ಮಂದಿ ಅಲ್ಲಿ ಆರಿಸಿಕೊಳ್ಳುವುದು ಸಮಾಜಶಾಸ್ತ್ರ, ರಾಜ್ಯಶಾಸ್ತ್ರ, ಇತಿಹಾಸ, ಇಲ್ಲವೇ ಕನ್ನಡ ಸಾಹಿತ್ಯ. ಅಂದರೆ ಬಿಎಯಲ್ಲಿ ಕಲಿಸಬೇಕಾದದ್ದನ್ನೇ ಕೋಚಿಂಗ್‌ಗೆ ದೊಡ್ಡ ಫೀ ಕೊಟ್ಟು ಕಲಿಯುತ್ತಾರೆ. ಹಾಗಿದ್ದ ಮೇಲೆ ಅದೇ ವಿಷಯ ಓದಿದ ನಮ್ಮ ಊರಿನ ಹುಡುಗಿಗೆ "ಬರೀ ಬಿಎನಾ?" ಅಂತ ಕೇಳುವುದರಲ್ಲಿ ಅರ್ಥ ಇಲ್ಲ, ಅಲ್ವಾ?

ಬಿಎ ಕಲಿಸದೆ ಬಿಟ್ಟದ್ದೂ ಇದೆ. ಚರಂಡಿಯ ಎಸ್ಟಿಮೇಟ್ ಮುಂದೆ ಇಟ್ಟರೆ ಬಿಇ ಓದಿ ಪಿಡಿಒ ಆದ ನನ್ನ ಸಹೋದ್ಯೋಗಿ ಎರಡೇ ನಿಮಿಷದಲ್ಲಿ ಅಳತೆಯ ತಪ್ಪು ಹಿಡಿಯುತ್ತಾರೆ. ನಾನು ಜೆಇ, ಅಂದರೆ ಕಿರಿಯ ಎಂಜಿನಿಯರ್ ಅವರನ್ನು ಕೂರಿಸಿಕೊಂಡು, ಕೆಲಸದ ಅಳತೆ ಬರೆಯುವ ಎಂಬಿ ಪುಸ್ತಕದ ಜೊತೆ ಸಾಲು ಸಾಲಾಗಿ ತಾಳೆ ನೋಡಬೇಕು. ಮೂರು ವರ್ಷ ಅರ್ಥಶಾಸ್ತ್ರ ಓದಿದರೂ ಎಕ್ಸೆಲ್ ಶೀಟ್‌ನಲ್ಲಿ ಒಂದು ಕಾಲಂ ಕೂಡಿಸುವುದನ್ನು ಯಾರೂ ತೋರಿಸಲಿಲ್ಲ. ಸರಾಸರಿ, ಶೇಕಡಾವಾರು ಎಲ್ಲ ಪುಸ್ತಕದಲ್ಲೇ ಉಳಿಯಿತು. ಇಂಗ್ಲಿಷ್ ಪೇಪರಿನಲ್ಲಿ ಪದ್ಯದ ಸಾರಾಂಶ ಉರು ಹೊಡೆದು ಪಾಸಾದೆವು. ಒಂದು ಇಮೇಲ್ ಬರೆಯುವುದನ್ನು ಕೆಲಸಕ್ಕೆ ಸೇರಿದ ಮೇಲೆ ಕಲಿತೆ. ಸಮಾಜಶಾಸ್ತ್ರದ ಸಮೀಕ್ಷೆಯ ಜೊತೆಗೆ ಈ ಎರಡು ಸೇರಿದ್ದರೆ ನಮ್ಮ ಬ್ಯಾಚಿನ ಅರ್ಧ ಜನರ ದಾರಿ ಬೇರೆ ಆಗುತ್ತಿತ್ತು ಅಂತ ನನ್ನ ನಂಬಿಕೆ. ಹಳ್ಳಿಯಲ್ಲಿ ಕೆಲಸ ಮಾಡುವ ಸಂಸ್ಥೆಗಳು ಹುಡುಕುವುದೂ ಇಂಥವರನ್ನೇ: ಜನರ ಜೊತೆ ಕೂತು ಮಾತಾಡಿ, ಮಾತನ್ನು ಅಂಕಿಗೆ ತಂದು, ಒಂದು ಪುಟ ನೆಟ್ಟಗೆ ಬರೆಯುವವರನ್ನು.

ಇದು ಆಗದ ಮಾತಲ್ಲ. ಬೆಂಗಳೂರಿನ ಸರ್ಜಾಪುರ ಕಡೆಯ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಬಿಎ ವಿದ್ಯಾರ್ಥಿಗಳು ಒಮ್ಮೆ ನಮ್ಮ ಪಂಚಾಯಿತಿಗೆ ಅಧ್ಯಯನಕ್ಕೆ ಬಂದಿದ್ದರು. ಗ್ರಾಮ ಸಭೆಗೆ ಎಷ್ಟು ಹೆಣ್ಣುಮಕ್ಕಳು ಬಂದರು ಅಂತ ಎಲ್ಲರೂ ಎಣಿಸುತ್ತೇವೆ. ಈ ವಿದ್ಯಾರ್ಥಿಗಳು, ಬಂದವರಲ್ಲಿ ಎಷ್ಟು ಜನ ಬಾಯಿಬಿಟ್ಟು ಮಾತಾಡಿದರು, ಎಷ್ಟು ಹೊತ್ತು ಮಾತಾಡಿದರು ಅಂತ ಬರೆದುಕೊಂಡರು. ಆ ಹಾಳೆ ನೋಡಿ ನಮ್ಮ ಸದಸ್ಯರೇ ಸುಮ್ಮನಾದರು. ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಇಂಥ ಓದಿಗೆ ವರ್ಷಕ್ಕೆ ಲಕ್ಷಗಟ್ಟಲೆ ಖರ್ಚಾಗುತ್ತದೆ. ಕೆಲವು ಕಡೆ ಮನೆಯ ಆದಾಯ ನೋಡಿ ಶುಲ್ಕದಲ್ಲಿ ನೆರವು ಕೊಡುತ್ತಾರೆ, ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ಆದರೆ ಹಾಳೆ, ಪೆನ್ನು, ಹಳ್ಳಿ ಮೂರೂ ತಾಲೂಕು ಕಾಲೇಜಿನ ಬಾಗಿಲಲ್ಲೇ ಇವೆ. ನಮ್ಮ ಸಮಾಜಶಾಸ್ತ್ರದ ಮೇಡಂ ಬಸ್ ಚಾರ್ಜಿನ ಖರ್ಚಿನಲ್ಲಿ ಅದನ್ನು ಮಾಡಿ ತೋರಿಸಿದ್ದರು.

ಯಾರಿಗೆ ಇದು ಬೇಡ ಅಂದರೆ, ಮೂರು ವರ್ಷ ಮುಗಿದ ಕೂಡಲೇ ಸಂಬಳ ಬರಲೇಬೇಕು ಅನ್ನುವ ಮನೆಯವರಿಗೆ. ಅಂಥವರಿಗೆ ಐಟಿಐ, ಡಿಪ್ಲೊಮಾ, ನರ್ಸಿಂಗ್ ನೋಡಿ ಅಂತಲೇ ಹೇಳುತ್ತೇನೆ. ಓದಲು ಬೇಜಾರು, ಬಿಎ ಸುಲಭ ಅಂತ ಸೇರುವವರಿಗೂ ಬೇಡ. ಗೈಡ್ ಓದಿ ಪಾಸಾದ ಬಿಎಗೆ ಹೊರಗೆ ನಿಜಕ್ಕೂ ಬೆಲೆ ಇಲ್ಲ. ಪೇಪರ್ ಓದುವ, ಊರಿನ ವಿಷಯಕ್ಕೆ ತಲೆ ಹಾಕುವ, ಯಾಕೆ ಹೀಗೆ ಅಂತ ಕೇಳುತ್ತಲೇ ಇರುವ ಮಗು ನಿಮ್ಮ ಮನೆಯಲ್ಲಿದ್ದರೆ ಅದನ್ನು ವಿಜ್ಞಾನಕ್ಕೆ ನೂಕಬೇಡಿ. ಧೈರ್ಯವಾಗಿ ಬಿಎ ಕೊಡಿಸಿ. ಮೊದಲ ವರ್ಷದಿಂದಲೇ ಕಂಪ್ಯೂಟರ್ ಕ್ಲಾಸಿಗೂ ಹಾಕಿ.

ಅಡ್ಮಿಷನ್‌ಗೆ ಹೋದ ದಿನ ಆಫೀಸಿನಲ್ಲಿ ಫೀ ಮಾತ್ರ ಕೇಳಿ ಬರಬೇಡಿ. ಲೈಬ್ರರಿಗೆ ಹೋಗಿ, ಪುಸ್ತಕ ಮನೆಗೆ ಕೊಡುತ್ತಾರಾ ಅಂತ ಕೇಳಿ. ಮಗುವಿಗೆ ಬೇಕಾದ ಮೂರು ವಿಷಯಕ್ಕೂ ಮೇಷ್ಟ್ರು ಇದ್ದಾರಾ, ಅದರಲ್ಲಿ ಕಾಯಂ ಇರುವವರು ಎಷ್ಟು ಜನ ಅಂತ ಕೇಳಿ. ಹೋದ ವರ್ಷದ ಮಕ್ಕಳು ಮಾಡಿದ ಪ್ರಾಜೆಕ್ಟ್ ಒಂದನ್ನು ತೋರಿಸಿ ಅನ್ನಿ. ಅದರಲ್ಲಿ ಅಕ್ಕಪಕ್ಕದ ಹಳ್ಳಿಯ ಹೆಸರು, ಜನರು ಹೇಳಿದ ಮಾತು ಇದ್ದರೆ ಅಲ್ಲಿ ಸೇರಿಸಿ. ಎಲ್ಲ ಪ್ರಾಜೆಕ್ಟೂ ಒಂದೇ ಜೆರಾಕ್ಸ್ ಅಂಗಡಿಯಿಂದ ಬಂದ ಹಾಗಿದ್ದರೆ ಪಕ್ಕದ ತಾಲೂಕಿನ ಕಾಲೇಜನ್ನೂ ಒಮ್ಮೆ ನೋಡಿ ಬನ್ನಿ. ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಹೇಗೂ ಫ್ರೀ ಇದೆ.